ಮುರಕಲ್ಲಿನ ಮೇಲೆ ಟ್ರೈಲ್ ಶೂ: ವರ್ಷ ದಾಟಿದ ಮೇಲಿನ ಮಾತು

ಗುಡ್ಡ, ಕಾಡಿನ ದಾರಿಗಳಲ್ಲಿ ಓಡಲೆಂದು ಮಾಡಿದ ಟ್ರೈಲ್ ಶೂ ಕೊಳ್ಳುವವರು ಮೊದಲು ಮಗುಚಿ ನೋಡುವುದು ಅಡಿಯ ರಬ್ಬರ್ ಗುಬಟುಗಳನ್ನು. ಉದ್ದವಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಅಂಗಡಿಯವರ ಬಾಯಲ್ಲೂ ಇದೆ. ಕಾಸರಗೋಡಿನ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲುಗಳಲ್ಲಿ, ಈ ಲೆಕ್ಕ ತಲೆಕೆಳಗು. ಉದ್ದ ಗುಬಟು ಇರುವುದು ಕೆಸರಿಗೂ ಮೆದು ಮಣ್ಣಿಗೂ ಕಚ್ಚಿಕೊಳ್ಳಲು. ನಮಗೆ ಕೆಸರು ಸಿಗುವುದು ಮಳೆಗಾಲದಲ್ಲಿ ಮಾತ್ರ. ಉಳಿದ ತಿಂಗಳುಗಳಲ್ಲಿ ಕಾಲಡಿಗೆ ಬರುವುದು ಅರದಂತಹ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ.

ನನ್ನದು ಏಳು ಸಾವಿರ ಚಿಲ್ಲರೆ ಕೊಟ್ಟು ಮಂಗಳೂರಿನಲ್ಲಿ ಕೊಂಡ ಜೊತೆ. ಐದು ಮಿಲಿಮೀಟರ್ ಗುಬಟು, ಹಿಮ್ಮಡಿಗೂ ಮುಂಗಾಲಿಗೂ ಎಂಟು ಮಿಲಿಮೀಟರ್ ಎತ್ತರದ ವ್ಯತ್ಯಾಸ, ಮೇಲೆ ಜಾಲರಿ ಬಟ್ಟೆ, ಬೆರಳಿನ ಮುಂದೆ ರಬ್ಬರಿನ ತಡೆ. ನೀರು ತಡೆಯುವ ಪೊರೆ ಇಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಹೇಳಲಿರುವುದು ಈ ಬಗೆಯ ಶೂಗಳಿಗೆಲ್ಲ ಹೆಚ್ಚುಕಡಿಮೆ ಸಲ್ಲುತ್ತದೆ.

ಬೆಳಗಿನ ಓಟಕ್ಕೆ ನಾನು ಹೆಚ್ಚಾಗಿ ಹೋಗುವುದು ಅನಂತಪುರದ ಕಡೆಗೆ. ಕುಂಬಳೆ–ಬದಿಯಡ್ಕ ರಸ್ತೆಯ ನಾಯ್ಕಾಪಿನಿಂದ ತಿರುಗಿದರೆ ಸರೋವರದ ನಡುವಿನ ದೇವಸ್ಥಾನ, ಅದರ ಸುತ್ತ ಬೋಳು ಮುರಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿರುವ ಈ ಕಲ್ಲು ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ ಎಂಬುದು ಇಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತು. ಪದವಿನ ಮೇಲ್ಮೈ ಎಷ್ಟು ಕಾಲ ಬಿಸಿಲು ಕಂಡಿದೆಯೋ! ತುಂಬ ತೂತು, ತೂತಿನ ಅಂಚೆಲ್ಲ ಹರಿತ. ಆರು ತಿಂಗಳಾಗುವಷ್ಟರಲ್ಲಿ ಮುಂಗಾಲಿನ ಗುಬಟುಗಳು ಅರ್ಧಕ್ಕೆ ಸವೆದಿದ್ದವು. ಆದರೆ ಸವೆದ ಮೇಲೆ ಹಿಡಿತ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬಂಡೆಯ ಮೇಲೆ ಕಾಲು ನಿಲ್ಲಿಸುವುದು ಕಲ್ಲಿಗೆ ತಾಗುವ ರಬ್ಬರು. ಮೊನೆ ಗುಬಟಿನ ತುದಿ ಎಷ್ಟು ತಾಗೀತು? ಸವೆದು ಚಪ್ಪಟೆಯಾದ ಅಡಿ ಅಗಲವಾಗಿ ಕೂರುತ್ತದೆ.

ಕಳೆದ ಕುಂಭ ಮಾಸದಲ್ಲಿ ಒಂದು ವಾರ ರಜೆ ಹಾಕಿ ಓಟ, ಚಾರಣವೆಂದು ಇದೇ ಶೂವಿನಲ್ಲಿ ಸುತ್ತಿದೆ. ಗೇರು ಹೂಬಿಟ್ಟು ಗುಡ್ಡೆಯೆಲ್ಲ ಪರಿಮಳಿಸುವ, ಮಧ್ಯಾಹ್ನದ ಸೆಕೆ ಆಗಲೇ ಶುರುವಾಗಿರುವ ಕಾಲ. ನಮಗೆ ವಸಂತವೆಂದರೆ ಇಷ್ಟೇ. ಧರ್ಮತ್ತಡ್ಕದ ಬಳಿಯ ಪೊಸಡಿ ಗುಂಪೆಯನ್ನು ಹತ್ತುವಾಗ ಯಾವ ದೂರೂ ಇರಲಿಲ್ಲ. ಪಡುವಲಿಗೆ ಸಮುದ್ರ, ಮೂಡಲಿಗೆ ಘಟ್ಟ ಕಾಣುವ ಆ ನೆತ್ತಿಯಿಂದ ಇಳಿಯುವಾಗ ಪರೀಕ್ಷೆ ನಡೆಯಿತು. ಒಣಹುಲ್ಲಿನ ಅಡಿಯಲ್ಲಿ ಬಟಾಣಿ ಗಾತ್ರದ ಉರುಟು ಕೆಂಪು ಕಲ್ಲುಗಳು ಅಡಗಿರುತ್ತವೆ. ಅವು ಉರುಳತೊಡಗಿದರೆ ಯಾವ ಗುಬಟೂ ಉಪಕಾರಕ್ಕಿಲ್ಲ. ಹೆಜ್ಜೆ ಚಿಕ್ಕದು ಮಾಡಿ ಮೊಣಕಾಲು ಬಗ್ಗಿಸಿ ಇಳಿಯುವುದೇ ದಾರಿ. ಹುಲ್ಲಿನ ಚೂಪು ಬೀಜಗಳು ಜಾಲರಿಯನ್ನು ತೂರಿ ಕಾಲುಚೀಲಕ್ಕೆ ಚುಚ್ಚಿಕೊಂಡವು. ಕೂತು ಒಂದೊಂದಾಗಿ ಕೀಳುತ್ತಿದ್ದಾಗ ಹವಾಯಿ ಚಪ್ಪಲಿ ಹಾಕಿದ ಇಬ್ಬರು ಹೆಂಗಸರು ಸೊಪ್ಪಿನ ಹೊರೆ ಹೊತ್ತು ನನ್ನನ್ನು ದಾಟಿ ಇಳಿದು ಹೋದರು. ಅವರು ವಿಮರ್ಶೆ ಬರೆಯುವುದಿಲ್ಲ.

ಗುಬಟುಗಳು ಕೊಟ್ಟ ಹಣಕ್ಕೆ ಸಮನಾಗಿ ದುಡಿದದ್ದು ರಾಣಿಪುರದಲ್ಲಿ. ಪನತ್ತಡಿ ಪಂಚಾಯತಿನ ಈ ಬೆಟ್ಟದ ಹಳೆಯ ಹೆಸರು ಮಾಡತ್ತುಮಲ. ಆಚೆ ಮಗ್ಗುಲಲ್ಲಿ ಕೊಡಗಿನ ತಲಕಾವೇರಿ ವನ್ಯಧಾಮ. ಮೊದಲು ಕಾಡು, ಆಮೇಲೆ ಹುಲ್ಲುಗಾವಲು. ಕಾಡಿನೊಳಗೆ ತರಗೆಲೆಯ ಕೆಳಗಿನ ಮಣ್ಣು ಫೆಬ್ರವರಿ ಕೊನೆಯಲ್ಲೂ ತಂಪಾಗಿತ್ತು, ಬೇರುಗಳ ಮೇಲೆ ಅಡಿ ಜಾರಲಿಲ್ಲ. ಅಲ್ಲಿ ಓಡುವ ಯೋಚನೆ ಬೇಡ. ಆನೆ ತಿರುಗುವ ಜಾಗ ಅದು. ಅರಣ್ಯ ಇಲಾಖೆಯ ಟಿಕೆಟ್ ಪಡೆದು ನಡೆದೇ ಹೋಗಬೇಕು. ಬೇಸಗೆಯಲ್ಲಿ ಬೆಂಕಿಯ ಭಯವಿದ್ದರೆ ಬಿಡದೆಯೂ ಇರಬಹುದು, ವಿಚಾರಿಸಿ ಹೊರಡಿ. ಬೇಕಲದ ಮರಳಿನ ಬಗ್ಗೆ ಬರೆಯಲು ಏನೂ ಇಲ್ಲ. ಮರಳು ಒಳಗೆ ಬರುತ್ತದೆ, ಕೊಡವಬೇಕು.

ನೀರಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲಕ್ಕೆ ತೋಡುಗಳಿಗೆ ನೀರು ನಿಲ್ಲಿಸಲು ಕಟ್ಟ ಹಾಕಿರುತ್ತಾರೆ, ಅಡಿಕೆ ತೋಟದ ನಡುವೆ ಮೊಣಕಾಲುದ್ದ ನೀರು. ಸಂಕ (ಕಾಲುಸೇತುವೆ) ಇಲ್ಲದ ಕಡೆ ಇಳಿದೇ ದಾಟಬೇಕು. ನನ್ನ ಜಾಲರಿ ಶೂ ಅರ್ಧ ಗಂಟೆ ನಡೆಯುವಷ್ಟರಲ್ಲಿ ಮುಕ್ಕಾಲು ಒಣಗಿತ್ತು. ಜೊತೆಗಿದ್ದ ಪುತ್ತೂರಿನ ಭಾವನದು ನೀರು ನುಗ್ಗದ ಪೊರೆಯ, ಮೂರು ಸಾವಿರ ಹೆಚ್ಚಿನ ಶೂ. ಕುತ್ತಿಗೆಯ ಕಡೆಯಿಂದ ಒಳಗೆ ಬಂದ ನೀರು ಸಂಜೆಯವರೆಗೂ ಅಲ್ಲೇ ಇತ್ತು. “ಕಾಲಿಗೊಂದು ಬಾವಿ ಕಟ್ಟಿಕೊಂಡು ಬಂದಿದ್ದೀರಿ ಭಾವ” ಎಂದೆ, ನಗಲಿಲ್ಲ. ಆ ಪೊರೆ ಬೆವರಿನ ಆವಿಯನ್ನು ಹೊರಬಿಡುವುದು ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದಾಗ. ಕರಾವಳಿಯ ತೇವದ ಗಾಳಿಯಲ್ಲಿ ಅದು ಮಾಡುವ ಕೆಲಸ ಅಷ್ಟಕ್ಕಷ್ಟೆ.

ಬಾಳಿಕೆಯಲ್ಲಿ ಎರಡು ಕೊರತೆ. ಎಡಗಾಲಿನ ಶೂವಿನಲ್ಲಿ ಬೆರಳಿನ ಬಳಿ ಅಡಿ ಬಿಟ್ಟುಕೊಂಡಿತು. ವಾರಂಟಿ ಮುಗಿದಿರಲಿಲ್ಲ. ಅಂಗಡಿಯವರು ಫೋಟೋ ಕೇಳಿದರು, ಮತ್ತೆ ಕೇಳಿದರು, ಕೊನೆಗೆ “ಒರಟು ನೆಲದಲ್ಲಿ ಬಳಸಿದ್ದೀರಿ” ಎಂದು ಉತ್ತರ ಕಳಿಸಿದರು. ಟ್ರೈಲ್ ಶೂವನ್ನು ಬೇರೆಲ್ಲಿ ಬಳಸಬೇಕಿತ್ತೋ ತಿಳಿಯದು. ಕಾಸರಗೋಡು ಪೇಟೆಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಅಂಟು ಹಾಕಿ, ಸುತ್ತಲೂ ನೈಲಾನ್ ದಾರದ ಹೊಲಿಗೆ ಕೊಟ್ಟು ನೂರೈವತ್ತು ರೂಪಾಯಿ ತೆಗೆದುಕೊಂಡರು. ಈವರೆಗೆ ಬಿಟ್ಟಿಲ್ಲ. ಇನ್ನೊಂದು, ನಡುವಿನ ಫೋಮ್ ಚಪ್ಪಟೆಯಾಗಿದೆ. ದೂರ ಓಡಿದ ದಿನ ಅಂಗಾಲಿಗೆ ಕಲ್ಲು ತಿಳಿಯುತ್ತದೆ. ತೊಳೆದು ಅಂಗಳದ ಬಿಸಿಲಿಗೆ ಇಡಬೇಡಿ, ಫೋಮೂ ಅಂಟೂ ಬೇಗ ಹಾಳಾಗುತ್ತವೆ. ಕೆಂಪು ಧೂಳಿನ ಕಲೆ ಹೇಗೂ ಹೋಗುವುದಿಲ್ಲ.

ಮಳೆಗಾಲಕ್ಕೆಂದೇ ಕೊಳ್ಳುವವರಿಗೆ ಒಂದು ಮಾತು. ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ಈ ಶೂ ನಿಲ್ಲುವುದಿಲ್ಲ. ಬೇರೆಯದು ನಿಂತದ್ದನ್ನೂ ನಾನು ಕಂಡಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಅರ್ಧ ಅಂಕ ಹೊಲಿದವರದು. ಮುಂದಿನ ಜೊತೆಗೆ ಮೂರು ಮಿಲಿಮೀಟರಿನ ಅಗಲ ಗುಬಟು, ಗಟ್ಟಿ ಫೋಮ್, ಮತ್ತೆ ಜಾಲರಿಯದೇ ಬಟ್ಟೆ ನೋಡುತ್ತಿದ್ದೇನೆ. ಅಳತೆ ನೋಡಲು ಸಂಜೆ ಹೊತ್ತಿಗೆ ಹೋಗಿ; ಸೆಕೆಗೆ ಕಾಲು ಊದಿರುತ್ತದೆ, ಆಗ ಹಿಡಿಸಿದ್ದೇ ಸರಿಯಾದ ಅಳತೆ.