ದಿನನಿತ್ಯದ ಓಡಾಟಕ್ಕೆ 21 ಗೇರ್‌ಗಳ ಹೈಬ್ರಿಡ್ ಸೈಕಲ್: ಒಂದು ವಿಮರ್ಶೆ

ಕೆಲಸಕ್ಕೆ ಸೈಕಲ್‌ನಲ್ಲಿ ಹೋಗಿಬರಲು ನಿರ್ಧರಿಸಿದವರು ಹೆಚ್ಚಾಗಿ ಮೊದಲು ಕೊಳ್ಳುವುದು ಮುಂದೆ ಪೆಡಲ್ ಬಳಿ 3, ಹಿಂದಿನ ಗಾಲಿಯಲ್ಲಿ 7 ಹಲ್ಲುಚಕ್ರಗಳಿರುವ ಹೈಬ್ರಿಡ್ (ರಸ್ತೆ ಸೈಕಲ್ ಮತ್ತು ಮೌಂಟನ್ ಬೈಕ್ ಎರಡರ ಗುಣಗಳೂ ಬೆರೆತ) ಸೈಕಲನ್ನು. ಈ ಬಗೆಯ ಸೈಕಲನ್ನು ನಾನು ಈಗ ದಿನವೂ ಬಳಸುತ್ತಿದ್ದೇನೆ. ಹೊಸಬರಿಗೆ ಇದು ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ, ಆದರೆ ಅದಕ್ಕೆ ಕಾರಣ 21 ಎಂಬ ಸಂಖ್ಯೆಯಲ್ಲ. ಏರು ಬಂದರೂ, ಎದುರುಗಾಳಿ ಬೀಸಿದರೂ ಕಾಲುಗಳು ಹೆಚ್ಚುಕಡಿಮೆ ಒಂದೇ ಲಯದಲ್ಲಿ ತುಳಿಯುತ್ತಾ ಇರಲು ಈ ವ್ಯವಸ್ಥೆ ಅನುವು ಮಾಡಿಕೊಡುತ್ತದೆ. ಗೇರ್ ಇರುವುದು ವೇಗಕ್ಕಾಗಿ ಎಂದುಕೊಂಡವರಿಗೆ ಇದರ ನಿಜವಾದ ಪ್ರಯೋಜನ ಸಿಗುವುದಿಲ್ಲ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಇಂಥ ಸೈಕಲ್‌ಗಳಲ್ಲಿ ಮುಂದಿನ ಹಲ್ಲುಚಕ್ರಗಳಿಗೆ 42, 34 ಮತ್ತು 24 ಹಲ್ಲುಗಳಿದ್ದು, ಹಿಂದಿನವು 14ರಿಂದ 28 ಹಲ್ಲುಗಳವರೆಗೆ ಇರುವುದು ಸಾಮಾನ್ಯ. ಮುಂದೆ 34, ಹಿಂದೆ 20 ಹಲ್ಲಿನ ಜೋಡಿಯಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 3.7 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 15 ಕಿಲೋಮೀಟರ್‌ಗೆ ತುಸು ಮೇಲಿನ ವೇಗ ಬರುತ್ತದೆ. ಅದೇ ವೇಗವನ್ನು 42ಕ್ಕೆ 14ರ ಅತಿ ಭಾರದ ಗೇರ್‌ನಲ್ಲಿ ಸಾಧಿಸಲು ನಿಮಿಷಕ್ಕೆ 40 ಸುತ್ತು ಸಾಕು ಎಂಬುದು ನಿಜ, ಆದರೆ ಪ್ರತಿ ಸುತ್ತಿಗೂ ಬೀಳುವ ಒತ್ತಡವನ್ನು ಮೊಣಕಾಲು ತಡೆದುಕೊಳ್ಳಬೇಕಾಗುತ್ತದೆ. ಕೆಲಸದ ಸ್ಥಳಕ್ಕೆ ದಣಿಯದೆ ತಲುಪಬೇಕಾದವರಿಗೆ ಹಗುರ ಗೇರ್‌ನಲ್ಲಿ ಚುರುಕಾಗಿ ತುಳಿಯುವುದೇ ಹಿತ.

ನಡುವಿನ 34ರ ಚಕ್ರವೊಂದರಲ್ಲೇ, ಇದೇ 70 ಸುತ್ತಿನ ಲಯದಲ್ಲಿ, ಹಿಂದಿನ ಏಳು ಚಕ್ರಗಳನ್ನು ಬದಲಿಸುತ್ತಾ ಗಂಟೆಗೆ ಸುಮಾರು 11ರಿಂದ 22 ಕಿಲೋಮೀಟರ್‌ವರೆಗೆ ಸಾಗಬಹುದು. ದಿನನಿತ್ಯದ ಓಡಾಟದ ಬಹುಭಾಗ ಇಷ್ಟರೊಳಗೇ ಮುಗಿಯುತ್ತದೆ. ಆದ್ದರಿಂದ ಹೊಸಬರು ಆರಂಭದಲ್ಲಿ ಮುಂದಿನ ಹಲ್ಲುಚಕ್ರಗಳನ್ನು ಬದಲಿಸುವ ಎಡಗೈಯ ಶಿಫ್ಟರನ್ನು (ಹ್ಯಾಂಡಲ್ ಮೇಲಿನ ಗೇರ್ ಲಿವರ್) 2ರಲ್ಲೇ, ಅಂದರೆ ನಡುವಿನ ಚಕ್ರದಲ್ಲೇ ಬಿಟ್ಟು, ಹಿಂದಿನವನ್ನು ಬದಲಿಸುವ ಬಲಗೈಯದನ್ನು ಮಾತ್ರ ಬಳಸಿ ಕಲಿಯುವುದು ಒಳಿತು. ಎರಡನ್ನೂ ಒಟ್ಟಿಗೆ ಕಲಿಯಹೊರಟರೆ ಗೊಂದಲವಾಗುವುದು ಸಹಜ, ಏಕೆಂದರೆ ಮುಂದಿನ ಹಲ್ಲುಚಕ್ರ ಚಿಕ್ಕದಾದಷ್ಟೂ ತುಳಿತ ಹಗುರವಾಗುತ್ತದೆ, ಹಿಂದಿನದು ಚಿಕ್ಕದಾದಷ್ಟೂ ಭಾರವಾಗುತ್ತದೆ. ಅಂದಹಾಗೆ, 21ರಲ್ಲಿ ಹಲವು ಜೋಡಿಗಳು ಹೆಸರಿಗಷ್ಟೇ ಬೇರೆ: 24ಕ್ಕೆ 14 ಮತ್ತು 34ಕ್ಕೆ 20 ಹೆಚ್ಚುಕಡಿಮೆ ಒಂದೇ ಗೇರ್, ಮೊದಲನೆಯದರಲ್ಲಿ ಚೈನ್ ಓರೆಯಾಗಿ ಸವೆಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಬಲಗೈಯ ಶಿಫ್ಟರ್ ಬಗ್ಗೆ ನನಗೆ ಮೆಚ್ಚುಗೆಯಿದೆ. ಒಂದು ಕ್ಲಿಕ್‌ಗೆ ಒಂದು ಗೇರ್ ಎಂಬ ಈ ಏರ್ಪಾಡನ್ನು ಜಪಾನಿನ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊ 1984ರಲ್ಲಿ ತನ್ನ ರೇಸಿಂಗ್ ಬಿಡಿಭಾಗಗಳಲ್ಲಿ ತಂದಿತು. ಇಂದು ಸಾಮಾನ್ಯ ಸೈಕಲ್‌ನಲ್ಲೂ ಅದು ಇರುವುದರಿಂದ ಅಂದಾಜಿನಿಂದ ಲಿವರ್ ಎಳೆಯುವ ಕಷ್ಟ ಹೊಸಬರಿಗಿಲ್ಲ. ಆದರೂ ಬದಲಿಸುವ ಹೊತ್ತನ್ನು ಕಾಲು ಅರಿಯಬೇಕು. ಪೆಡಲ್ ತಿರುಗುತ್ತಿದ್ದರೆ ಮಾತ್ರ ಚೈನ್ ಪಕ್ಕದ ಚಕ್ರಕ್ಕೆ ದಾಟುತ್ತದೆ, ಅದರ ಮೇಲೆ ಪೂರ್ತಿ ಬಲ ಬಿದ್ದಿದ್ದರೆ ದಾಟಲಾರದೆ ಕಟಕಟನೆ ಸದ್ದು ಮಾಡುತ್ತದೆ. ಏರಿನ ಬುಡ ತಲುಪುವ ಮುನ್ನವೇ ಒಂದೆರಡು ಕ್ಲಿಕ್ ಹಗುರ ಗೇರ್‌ಗೆ ಇಳಿಸಿ, ಇಳಿಸುವಾಗ ಪೆಡಲ್ ನಿಲ್ಲಿಸದೆ ಅರ್ಧ ಸುತ್ತಿನಷ್ಟು ಕಾಲಿನ ಒತ್ತಡವನ್ನು ಸಡಿಲಿಸಿದರೆ, ಚೈನ್ ಸಣ್ಣದೊಂದು ಟಕ್ ಎಂಬ ಸದ್ದಿನೊಂದಿಗೆ ಹಿಂದಿನ ದೊಡ್ಡ ಹಲ್ಲುಚಕ್ರವೇರಿ ಕೂರುತ್ತದೆ. ಸಿಗ್ನಲ್‌ನಲ್ಲೂ ಹೀಗೆಯೇ: ಪೂರ್ತಿ ನಿಲ್ಲುವ ಮೊದಲೇ ಇಳಿಸಿಟ್ಟುಕೊಂಡರೆ ಮತ್ತೆ ಹೊರಡುವಾಗ ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಬೇಕಾಗುವುದಿಲ್ಲ.

ಎಡಗೈಯ ಭಾಗವನ್ನು ಅಷ್ಟು ಹೊಗಳಲಾರೆ. ಮುಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಚೈನನ್ನು ಪಕ್ಕಕ್ಕೆ ತಳ್ಳುವುದೇ ಒರಟಾಗಿ. ಚೈನ್ ಓರೆಯಾದಾಗ ಡಿರೈಲರ್‌ನ ತಗಡಿಗೆ ಉಜ್ಜುವ ಸದ್ದು ತಪ್ಪುವುದಿಲ್ಲ. ಕಡಿದಾದ ಏರುಗಳಿಲ್ಲದ ದಾರಿಯಲ್ಲಿ ಓಡಾಡುವವರಿಗೆ ಮುಂದೆ ಒಂದೇ ಹಲ್ಲುಚಕ್ರವಿರುವ ಸೈಕಲ್ ಸಾಕು, ಅದರ ನಿರ್ವಹಣೆಯೂ ಸುಲಭ. ಇನ್ನೊಂದು ಸಂಗತಿಯನ್ನು ಕೊಳ್ಳುವವರು ತಿಳಿದಿರಬೇಕು: ಹೊಸ ಸೈಕಲ್‌ನ ಕೇಬಲ್ ಮತ್ತು ಅದರ ಹೊರಕವಚ ಮೊದಲ ಕೆಲವು ವಾರಗಳಲ್ಲಿ ಕುಳಿತುಕೊಂಡು ಸಡಿಲವಾಗುತ್ತವೆ, ಆಗ ಚೈನ್ ದೊಡ್ಡ ಚಕ್ರಕ್ಕೆ ಏರಲು ಹಿಂದೇಟು ಹಾಕುತ್ತದೆ. ಗೇರ್ ಕೆಟ್ಟಿದೆಯೆಂದು ಗಾಬರಿಪಡಬೇಕಿಲ್ಲ. ಹಿಂದಿನ ಡಿರೈಲರ್‌ಗೆ ಕೇಬಲ್ ಸೇರುವಲ್ಲಿರುವ ಸಣ್ಣ ತಿರುಪನ್ನು, ಹಿಂದಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ ನೋಡಬೇಕು. ಬಹಳಷ್ಟು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹೆಜ್ಜೆಗೊಮ್ಮೆ ನಿಲ್ಲಬೇಕಾದ ದಟ್ಟಣೆಯಲ್ಲೇ ದಿನವೂ ಸಾಗುವವರಿಗೆ ಮಾತ್ರ ನನ್ನ ಶಿಫಾರಸು ಬೇರೆ. ಹಿಂದಿನ ಗಾಲಿಯ ನಡುವಿನ ಹಬ್‌ನೊಳಗೇ ಗೇರ್ ಅಡಗಿರುವ ಸೈಕಲ್‌ಗಳಲ್ಲಿ ನಿಂತಲ್ಲೇ ಗೇರ್ ಬದಲಿಸಬಹುದಾದ್ದರಿಂದ, ಅವರು ಕೊಳ್ಳುವ ಮುನ್ನ ಅದನ್ನೂ ಒಮ್ಮೆ ತುಳಿದು ನೋಡಲಿ. ಏರಿಳಿತಗಳ ದಾರಿಯವರಿಗೆ 21 ಗೇರ್‌ಗಳ ಈ ಸೈಕಲ್ಲೇ ಸರಿ.