ಹತ್ತಿಗೆ ಸೂಕ್ಷ್ಮ ಪೋಷಕಾಂಶ: ಬಿಡಿ ಲವಣವೋ, ರೆಡಿ ಪ್ಯಾಕೆಟ್ಟೋ?

ಎರೆಭೂಮಿಯ ಬಿಟಿ ಹತ್ತಿಗೆ ನನ್ನ ಓಟು ಬಿಡಿ ಲವಣಗಳಿಗೆ. ಅಂದರೆ ಒಂದೊಂದು ಪೋಷಕಾಂಶವನ್ನೂ ಬೇರೆ ಬೇರೆ ತಂದು ಕೊಡುವುದು: ಸತುವು ಬಿತ್ತನೆಗೆ ಮುಂಚೆ ಮಣ್ಣಿಗೆ, ಬೋರಾನ್ ಮೊಗ್ಗಿನ ಹೊತ್ತಿಗೆ ಮತ್ತು ಮೆಗ್ನೀಷಿಯಂ ಹೂವು-ಕಾಯಿ ಹೊತ್ತಿಗೆ ಎಲೆಗೆ. ಎಲ್ಲವನ್ನೂ ಒಂದೇ ಪುಡಿಯಲ್ಲಿ ಸೇರಿಸಿದ ಮಿಕ್ಸ್ ಪ್ಯಾಕೆಟ್ಟನ್ನೂ ಅದೇ ಹೊಲದ ಪಕ್ಕದ ಸಾಲುಗಳಿಗೆ ಹೊಡೆದು ನೋಡಿಯೇ ಈ ಮಾತು. ಪ್ಯಾಕೆಟ್ ಕೆಟ್ಟದ್ದಲ್ಲ, ಆದರೆ ಹತ್ತಿಗೆ ಬೇಕಾದದ್ದು ಅದರಲ್ಲಿ ಬೇಕಾದಷ್ಟಿಲ್ಲ.

ಲೆಕ್ಕ ಹಾಕಿ ನೋಡಿ. ಪ್ಯಾಕೆಟ್ ಮೇಲೆ ಬೋರಾನ್ 0.5% ಅಂತಿದ್ದು, ಲೀಟರಿಗೆ 3 ಗ್ರಾಂ ಹಾಕಿ ಎಕರೆಗೆ 200 ಲೀಟರ್ ಹೊಡೆದರೆ ಬೆಳೆಗೆ ಬೀಳುವ ಬೋರಾನ್ 3 ಗ್ರಾಂ. ನೀರಲ್ಲಿ ಕರಗುವ ಶೇ. 20ರ ಬೋರಾನ್ ಪುಡಿಯನ್ನು ಲೀಟರಿಗೆ 1 ಗ್ರಾಂ ಹಾಕಿದರೆ ಅದೇ 200 ಲೀಟರಿನಲ್ಲಿ 40 ಗ್ರಾಂ ಸಿಗುತ್ತದೆ. ಮೆಗ್ನೀಷಿಯಂ ಅಂತೂ ಸೂಕ್ಷ್ಮ ಪೋಷಕಾಂಶದ ಪಟ್ಟಿಗೇ ಸೇರದ ದ್ವಿತೀಯ ಪೋಷಕಾಂಶ. ಹಾಗಾಗಿ ಎಷ್ಟೋ ಮಿಕ್ಸ್‌ಗಳಲ್ಲಿ ಅದು ಇರುವುದೇ ಇಲ್ಲ. ಕಾಯಿ ಕಟ್ಟುವ ಹೊತ್ತಿಗೆ ಎಲೆ ಕೆಂಪಾಯಿತು ಎಂದು ಅಂಗಡಿಗೆ ಹೋದವರ ಕೈಗೆ ಮೆಗ್ನೀಷಿಯಂ ಇಲ್ಲದ ಪ್ಯಾಕೆಟ್ ಬಂದರೆ ಕೆಂಪು ಹೇಗೆ ನಿಲ್ಲಬೇಕು?

ಸತುವಿನ ಮಟ್ಟಿಗೆ ಮಿಕ್ಸ್ ಪರವಾಗಿಲ್ಲ. ಆದರೂ ಮಣ್ಣಿಗೆ ಕೊಡುವುದು ಅಗ್ಗ: ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ (ಶೇ. 21 ಸತುವಿರುವುದು), ಕೊಟ್ಟಿಗೆ ಗೊಬ್ಬರದ ಜೊತೆ ಎರಚಿ ಹರಗಿದರೆ ಎರಡು-ಮೂರು ಹಂಗಾಮಿಗೆ ಸಾಕು. ರಂಜಕದ ಗೊಬ್ಬರವಾದ ಡಿಎಪಿ ಜೊತೆ ಮಾತ್ರ ಕಲಸಬೇಡಿ, ರಂಜಕ ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸತುವು 0.6 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ 0.6 ಪಾಲು) ಮೇಲಿದ್ದರೆ ಈ ಖರ್ಚೇ ಬೇಡ. ಹಾಗೆಯೇ ಕಬ್ಬಿಣದಂಶಕ್ಕೆಂದು ಸುಣ್ಣಕಲ್ಲಿನ ಎರೆಗೆ ಫೆರಸ್ ಸಲ್ಫೇಟ್ ಚೆಲ್ಲುವುದೂ ದುಡ್ಡು ದಂಡ.

ಇನ್ನು ಬಿಡಿ ಲವಣಗಳ ದೊಡ್ಡ ಕಿರಿಕಿರಿ: ಡ್ರಮ್ಮಿನಲ್ಲಿ ಕಲಸುವುದು. ಪ್ಯಾಕೆಟ್ ಬಿಟ್ಟು ಬಂದ ಬಹಳ ಜನ ವಾಪಸ್ ಪ್ಯಾಕೆಟ್ಟಿಗೇ ಹೋಗುವುದು ಇದರಿಂದಲೇ. ಮಣ್ಣಿಗೆ ಸತುವು ಹಾಕಲು ಆಗದೆ ಎಲೆಗೇ ಕೊಡಬೇಕಾಯಿತು ಅನ್ನಿ. ಜಿಂಕ್ ಸಲ್ಫೇಟ್ ದ್ರಾವಣ ಹುಳಿ, ಬೋರಾನ್ ಪುಡಿಯದು ಕ್ಷಾರ. ಎರಡನ್ನೂ ಒಟ್ಟಿಗೆ ಸುರಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಸೇರಿಸಿದರೆ ಅದರ ರಂಜಕದ ಜೊತೆ ಸತುವು ಗಸಿಯಾಗಿ ತಳಕ್ಕಿಳಿಯುತ್ತದೆ. ಗಸಿ ಮೊದಲು ಜರಡಿಗೆ, ಆಮೇಲೆ ನಾಜಲ್ಲಿಗೆ ಕೂರುತ್ತದೆ. ಕೂಲಿಯವ ನಾಜಲ್ ಬಿಚ್ಚಿ ಊದುತ್ತಾ ನಿಂತರೆ ಅರ್ಧ ದಿನ ಹೋಯಿತು. ಹೊಡೆದ ಸತುವಿನಲ್ಲಿ ಎಲೆಗೆ ಸೇರುವ ರೂಪದಲ್ಲಿ ಉಳಿಯುವುದೂ ಅಷ್ಟಕ್ಕಷ್ಟೇ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ಬೇಗ ಕೆಡುತ್ತದೆ.

ಸುಡುವ ಸಮಸ್ಯೆ ಬೇರೆ. ಜಿಂಕ್ ಸಲ್ಫೇಟನ್ನು ಲೀಟರಿಗೆ 5 ಗ್ರಾಂ ಬರಿದೇ ಹೊಡೆದರೆ ಎಲೆಯಂಚು ಕರಕಲಾಗಬಹುದು. ಅದಕ್ಕೆ 2.5 ಗ್ರಾಂ ಸುಣ್ಣ ಸೇರಿಸಿ ಎನ್ನುವ ಶಿಫಾರಸು ಹಳೆಯದು. ಸುಣ್ಣವನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ, ತಿಳಿಯನ್ನು ಬಟ್ಟೆಯಲ್ಲಿ ಸೋಸಿಯೇ ಹಾಕಬೇಕು. ಇಷ್ಟು ಉಪದ್ವ್ಯಾಪ ಬೇಡವಾದರೆ ಶೇ. 12ರ ಚೀಲೇಟೆಡ್ ಜಿಂಕ್ (ಬೇರೆಯದರ ಜೊತೆ ಗಸಿಯಾಗದಂತೆ ಸಾವಯವ ಅಣುವಿನಲ್ಲಿ ಹಿಡಿದಿಟ್ಟ ಸತುವು) ತಂದು ಲೀಟರಿಗೆ 1 ಗ್ರಾಂ ಹಾಕಿ. ದುಬಾರಿ, ಆದರೆ ಸುಡುವುದಿಲ್ಲ, ಗಸಿಯೂ ಕಟ್ಟುವುದಿಲ್ಲ. ಏನನ್ನೇ ಬೆರೆಸುವ ಮುಂಚೆ ಅದೇ ಬೋರ್‌ವೆಲ್ ನೀರನ್ನು ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ತುಂಬಿ, ಅದೇ ಪ್ರಮಾಣದಲ್ಲಿ ಕಲಸಿ ಅರ್ಧ ಗಂಟೆ ಇಡಿ. ಬೆಳ್ಳಗಾಯಿತೋ, ತಳಕ್ಕೆ ಕೂತಿತೋ, ಡ್ರಮ್ಮಿಗೆ ಹಾಕಬೇಡಿ.

ಸತುವು ಮಣ್ಣಿಗೆ ಹೋಗಿದ್ದರೆ ಈ ತಾಪತ್ರಯ ಮುಕ್ಕಾಲು ಪಾಲು ಇಲ್ಲ. ಉಳಿಯುವುದು ಎರಡೇ. ಮೆಗ್ನೀಷಿಯಂ ಸಲ್ಫೇಟ್ ಲೀಟರಿಗೆ 10 ಗ್ರಾಂ, ಅಂದರೆ 16 ಲೀಟರ್ ಪಂಪಿಗೆ 160 ಗ್ರಾಂ, ಎಕರೆಗೆ 2 ಕೆಜಿ. ಜೊತೆಗೆ 19:19:19 ಅಷ್ಟೇ ಪ್ರಮಾಣ. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸಿ, ಕೂಡಲೇ ಹೊಡೆದು ಮುಗಿಸಿ. ಹೂವಾಡುವಾಗ ಒಮ್ಮೆ, ಕಾಯಿ ಬಲಿಯುವಾಗ ಇನ್ನೊಮ್ಮೆ. ಬೋರಾನ್ ಪಂಪಿಗೆ 16 ಗ್ರಾಂ, ಮೊಗ್ಗಿನ ಹೊತ್ತಿಗೆ, ಬೇರೆ ದಿನ. ಹೂವಿನಲ್ಲಿ ಪರಾಗ ಅಂಡದವರೆಗೆ ತಲುಪಿಸುವ ಪರಾಗನಾಳ ಬೆಳೆಯಲು ಬೋರಾನ್ ಬೇಕೇ ಬೇಕು. ಹಳೆ ಎಲೆಯಿಂದ ಹೊಸ ಮೊಗ್ಗಿಗೆ ಅದು ಸರಾಗವಾಗಿ ಹರಿಯುವುದಿಲ್ಲವಾದ್ದರಿಂದ ಎರಡು ವಾರದ ಮೇಲೆ ಮತ್ತೊಮ್ಮೆ ಕೊಡಬೇಕು. ಎಲೆತೊಟ್ಟಿನ ಮೇಲೆ ಬಳೆ ತೊಡಿಸಿದಂತೆ ಕಪ್ಪು ಪಟ್ಟಿ ಕಂಡರೆ ಬೋರಾನ್ ಕೊರತೆ ಎಂದೇ ತಿಳಿಯಿರಿ. ಪ್ರಮಾಣ ಏರಿಸಬೇಡಿ, ಈ ಪೋಷಕಾಂಶದಲ್ಲಿ ಕೊರತೆಗೂ ವಿಷಕ್ಕೂ ಅಂತರ ಸಣ್ಣದು.

ಕೆಂಪೆಲ್ಲ ಮೆಗ್ನೀಷಿಯಂ ಕೊರತೆಯಲ್ಲ. ಕೆಳಗಿನ ಎಲೆಗಳಲ್ಲಿ ನರ ಹಸಿರಾಗಿಯೇ ಉಳಿದು ನಡುವೆ ಕೆಂಪೇರಿದ್ದರೆ ಮೆಗ್ನೀಷಿಯಂ. ಅಂಚು ಕೆಳಕ್ಕೆ ಮುದುಡಿ ಅಲ್ಲಿಂದ ಒಳಕ್ಕೆ ಕೆಂಪಾಗುತ್ತಿದ್ದರೆ ಎಲೆ ಮಗುಚಿ ನೋಡಿ, ಹಸಿರು ಜಿಗಿಹುಳು ಅಡ್ಡಡ್ಡ ಓಡುತ್ತಿರುತ್ತದೆ. ಅದಕ್ಕೆ ಯಾವ ಲವಣವೂ ಮದ್ದಲ್ಲ.

ಇಳುವರಿಯಲ್ಲಿ ವ್ಯತ್ಯಾಸ ಬರುವುದು ಮುಖ್ಯವಾಗಿ ನಿಂತ ಕಾಯಿಯ ಸಂಖ್ಯೆ ಮತ್ತು ಕಾಯಿ ತೂಕದಿಂದ. ಇವುಗಳಿಂದ ಹತ್ತಿಯ ಎಳೆಯೂ ಉದ್ದವಾಗುತ್ತದೆ ಎನ್ನುವ ಅಂಗಡಿಯವರ ಮಾತು ಅತಿಯಾಯಿತು. ಎಳೆಯುದ್ದ ಬಹುಪಾಲು ತಳಿಯ ಗುಣ. ಹೂವಾದ 20-25 ದಿನದಲ್ಲಿ ಅದು ತೀರ್ಮಾನವಾಗುತ್ತದೆ. ಅಲ್ಲಿಂದಾಚೆ ಎಳೆಯ ಗೋಡೆ ದಪ್ಪವಾಗುತ್ತದೆ, ಮೈಕ್ರೋನೇರ್ (ಎಳೆ ಎಷ್ಟು ನಯ, ಎಷ್ಟು ಬಲಿತಿದೆ ಎಂಬ ಅಳತೆ) ನಿಂತಿರುವುದು ಅದರ ಮೇಲೆ. ಆಗ ಎಲೆ ಕೆಂಪಾಗಿ ಉದುರಿದರೆ ಎಳೆ ಬಲಿಯದೆ ಟೊಳ್ಳಾಗುತ್ತದೆ. ಮೆಗ್ನೀಷಿಯಂ ಹೊಡೆದ ಸಾಲಿನ ಲಾಭ ಎರಡನೇ, ಮೂರನೇ ಬಿಡಿಸುವಿಕೆಯ ಹತ್ತಿಯಲ್ಲಿ ಕಾಣುವುದು ಇದೇ ಕಾರಣಕ್ಕೆ. ಸರ್ಕಾರಿ ಖರೀದಿ ಸಂಸ್ಥೆಯಾದ ಸಿಸಿಐ (ಭಾರತೀಯ ಹತ್ತಿ ನಿಗಮ) ಬೆಂಬಲ ಬೆಲೆಯಲ್ಲಿ ಉದ್ದ ಎಳೆಯ ಹತ್ತಿಗೆ 29.5-30.5 ಮಿ.ಮೀ ಉದ್ದ, 3.5-4.3 ಮೈಕ್ರೋನೇರ್ ನೋಡುತ್ತದೆ. ಖಾಸಗಿ ಖರೀದಿದಾರರು ಹೆಚ್ಚಾಗಿ ಬಣ್ಣ, ಕಸ, ತೇವ ನೋಡಿಯೇ ದರ ಕಟ್ಟುತ್ತಾರೆ. ಹಾಗಾಗಿ ಈ ಖರ್ಚನ್ನು ಇಳುವರಿಯ ಲೆಕ್ಕಕ್ಕೇ ಹಾಕಿ, ಗುಣಮಟ್ಟದ ಲೆಕ್ಕಕ್ಕಲ್ಲ.

ಮಿಕ್ಸ್ ಪ್ಯಾಕೆಟ್ ಯಾರಿಗೆ ಸರಿ? ಕೂಲಿ ಸಿಗದೆ ಕೀಟನಾಶಕದ ಜೊತೆಗೇ ಒಂದು ಸುತ್ತಿನಲ್ಲಿ ಮುಗಿಸಬೇಕಾದವರಿಗೆ. ಅವರೂ ಚೀಲೇಟೆಡ್ ಮಿಕ್ಸನ್ನೇ ತರಲಿ, ಪ್ಯಾಕೆಟ್ ಹಿಂಬದಿಯ ಬೋರಾನ್ ಸಾಲು ಓದಲಿ. ಮೆಗ್ನೀಷಿಯಂ ಸಲ್ಫೇಟನ್ನು ಹೇಗೂ ಬೇರೆಯಾಗಿ ಕೊಳ್ಳಲೇಬೇಕಾಗುತ್ತದೆ.