ಜಂಪ್ ಸ್ಟಾರ್ಟರ್: ಹಲವು ಮಳೆಗಾಲಗಳ ಬಳಕೆಯ ನಂತರ

ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಮಳೆ ಹಿಡಿಯಿತೆಂದರೆ ಕಾರು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಬ್ಯಾಟರಿ ಡೌನ್ ಆದರೆ ಪೇಟೆಯಿಂದ ಮೆಕ್ಯಾನಿಕ್ ಬರುವ ಹೊತ್ತಿಗೆ ಮರುದಿನವಾಗಿರುತ್ತದೆ. ಇಂಥ ಕಡೆ ವಾಸಿಸುವ ನನಗೆ ಈ ಪುಟ್ಟ ಲಿಥಿಯಂ ಜಂಪ್ ಸ್ಟಾರ್ಟರ್‌ಗೆ, ಅಂದರೆ ಡೌನ್ ಆದ ಕಾರನ್ನು ಸ್ಟಾರ್ಟ್ ಮಾಡಲು ಕರೆಂಟ್ ಕೊಡುವ ಕೈಯಲ್ಲಿ ಹಿಡಿಯುವಂಥ ಬ್ಯಾಟರಿಗೆ, ಕೊಟ್ಟ ಹಣ ಪೂರ್ತಿ ಸಾರ್ಥಕವೆನಿಸಿದೆ. ನಮ್ಮ ಪೆಟ್ರೋಲ್ ಕಾರಿಗೆ ಅದು ಒಮ್ಮೆಯೂ ಕೈಕೊಟ್ಟಿಲ್ಲ. ಚಿಕ್ಕಪ್ಪನ ಹಳೆಯ ಡೀಸೆಲ್ ಜೀಪಿಗೆ ಮಾತ್ರ, ಅದರಲ್ಲೂ ಚಳಿಗಾಲದ ಬೆಳಗ್ಗೆ, ಇದರ ಶಕ್ತಿ ಸಾಲದು. ಡೀಸೆಲ್ ಎಂಜಿನ್ನಿನ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯನ್ನು ಒತ್ತುವ ಪ್ರಮಾಣ, ಹೆಚ್ಚು. ಅದನ್ನು ತಿರುಗಿಸಲು ಕರೆಂಟೂ ಹೆಚ್ಚು ಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಪೀಕ್ ಆಂಪಿಯರ್ (ಅದು ಕೊಡಬಲ್ಲ ಗರಿಷ್ಠ ಕರೆಂಟ್) ಕ್ಷಣಮಾತ್ರದ ಲೆಕ್ಕ, ಅದನ್ನು ನೆಚ್ಚಿ ಕೊಳ್ಳಬೇಡಿ. ಎಷ್ಟು ಲೀಟರಿನ ಪೆಟ್ರೋಲ್ ಎಂಜಿನ್, ಎಷ್ಟು ಲೀಟರಿನ ಡೀಸೆಲ್ ಎಂಜಿನ್ ಎಂದು ಕೆಳಗೆ ಸಣ್ಣದಾಗಿ ಬರೆದಿರುವುದನ್ನು ಓದಿ.

ಜೋಡಿಸುವ ಕ್ರಮವನ್ನು ನಾನು ಮನೆಯವರಿಗೆಲ್ಲ ಕಲಿಸಿದ್ದೇನೆ. ಮೊದಲು ಕೀ, ಹೆಡ್‌ಲೈಟ್, ಫ್ಯಾನ್ ಎಲ್ಲವೂ ಆಫ್ ಆಗಿರಬೇಕು. ಕೆಂಪು ಕ್ಲಿಪ್ ಬ್ಯಾಟರಿಯ ಪ್ಲಸ್ ತುದಿಗೆ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ಕಚ್ಚಿಸುತ್ತೇವೆ. ಲೆಡ್ ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದುಂಟು. ಇವೆರಡೂ ಒಂದೇ ಕಡೆ ಸೇರಬಾರದು. ಆಮೇಲೆ ಸೆಲ್ಫ್ ಹೊಡೆಯುವುದು, ಅದೂ ಐದು ಸೆಕೆಂಡು ಮೀರದಂತೆ. ಎಂಜಿನ್ ಹಿಡಿಯದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೆ. ಎಂಜಿನ್ ಓಡತೊಡಗಿದ ಕೂಡಲೇ ಮೊದಲು ಕಪ್ಪು, ನಂತರ ಕೆಂಪು ಕ್ಲಿಪ್ ತೆಗೆಯಬೇಕು.

ತಿರುಗುಮುರುಗಾಗಿ ಜೋಡಿಸಿದರೆ ಕೆಂಪು ದೀಪ ಹೊತ್ತಿ ಕರೆಂಟ್ ಹರಿಯದಂತೆ ತಡೆಯುವ ವ್ಯವಸ್ಥೆ ಇದರಲ್ಲಿದೆ. ಕಾರಿನ ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಕ್ಲಿಪ್ಪಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಆಗ ಏನನ್ನೂ ಪರೀಕ್ಷಿಸದೆ ಕರೆಂಟ್ ಹರಿಸುವ ಬೂಸ್ಟ್ ಗುಂಡಿ ಒತ್ತಬೇಕು. ಒತ್ತಿದೊಡನೆ ಆ ರಕ್ಷಣೆಯೂ ಹೋಗುತ್ತದೆ. ಹಾಗಾಗಿ ಟಾರ್ಚ್ ಹಿಡಿದು ಪ್ಲಸ್, ಮೈನಸ್ ಗುರುತುಗಳನ್ನು ಕಣ್ಣಾರೆ ನೋಡದೆ ಆ ಗುಂಡಿಯನ್ನು ಮುಟ್ಟುವ ಹಾಗಿಲ್ಲ.

ಇದು ಕೈಸೇರುವ ಮೊದಲು ನಮ್ಮಲ್ಲಿ ಬೇರೆ ವಾಹನದ ಬ್ಯಾಟರಿಯಿಂದ ಕರೆಂಟ್ ಪಡೆಯಲು ಕೇಬಲ್ ಹಿಡಿದು ಕಾಯುವುದು ವಾಡಿಕೆಯಾಗಿತ್ತು. ಘಾಟಿಯ ರಸ್ತೆಯಲ್ಲಿ ಮೊದಲು ನಿಲ್ಲಿಸುವವರು ಲಾರಿಯವರೇ, ಸಹಾಯಕ್ಕೂ ಅವರೇ ಮುಂದು. ಆದರೆ ಲಾರಿ, ಬಸ್ಸುಗಳದು ಸಾಮಾನ್ಯವಾಗಿ 24 ವೋಲ್ಟ್, ಕಾರಿನದು 12. ಆ ಕರೆಂಟನ್ನು ಕಾರಿಗೆ ಕೊಟ್ಟರೆ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು, ಬ್ಯಾಟರಿಯೇ ಸಿಡಿಯಬಹುದು. ಎಷ್ಟೇ ಅವಸರವಿದ್ದರೂ ಬೇಡ.

ಆರೈಕೆ ದೊಡ್ಡದೇನಲ್ಲ. ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದಿಲ್ಲ. ಲಿಥಿಯಂಗೆ ಕಾವು ಆಗದು, ಹೊರಕವಚ ಉಬ್ಬಿದರೆ ಮತ್ತೆ ಬಳಸುವಂತಿಲ್ಲ.

ಕಾರು ಸ್ಟಾರ್ಟ್ ಆಯಿತೆಂದರೆ ರೋಗ ವಾಸಿಯಾಯಿತೆಂದಲ್ಲ. ಹಾಗಾಗಿ ಜೊತೆಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಒಂದಿರಲಿ. ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಆದ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು ಸಾಧಾರಣವಾಗಿ 13.8ರಿಂದ 14.4ರ ನಡುವೆ ಇರಬೇಕು. ಏರದೆ ಉಳಿದರೆ, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಿಸಿ. ಟರ್ಮಿನಲ್ ಮೇಲೆ ಕಟ್ಟಿದ ಬಿಳಿ-ಹಸಿರು ಪುಡಿಯನ್ನು ಉಜ್ಜಿ ತೆಗೆದು ಬಿಗಿ ಮಾಡಿದ್ದರಿಂದಲೇ ಕಾರು ಹೊರಟದ್ದೂ ಇದೆ. ಒಡೆದ, ಉಬ್ಬಿದ, ಆಸಿಡ್ ಸೋರುವ ಬ್ಯಾಟರಿಗೆ ಮಾತ್ರ ಜಂಪ್ ಕೊಡಲೇಬಾರದು.

ಕೊರತೆ ಹೇಳುವುದಾದರೆ ವೈರ್ ತೀರ ಗಿಡ್ಡ. ಸಾಧನವನ್ನು ಎಂಜಿನ್ ಮೇಲೆ, ಫ್ಯಾನಿನ ಬೆಲ್ಟಿಗೆ ಹತ್ತಿರವೇ ಇಡಬೇಕಾಗುತ್ತದೆ. ಹೊಸದಾಗಿ ಕೊಳ್ಳುವವರು ಒಂದಡಿಯಾದರೂ ಉದ್ದದ, ದಪ್ಪ ತಾಮ್ರದ ವೈರ್ ಇರುವುದನ್ನೇ ಆರಿಸಿ.